ಪದಚರ್ಚೆ: ಕಾಫಿ ಕರಪತ್ರಕ್ಕೆ ‘ಸಪ್ಲೈಯರ್’, ‘ಮೋಟಿವೇಶನ್’ (ಇವತ್ತೇ ಬೇಕು)

ಪ್ರಶ್ನೆ, ಮೂಡಿಗೆರೆಯಿಂದ:
ಎಲ್ಲರಿಗೂ ನಮಸ್ಕಾರ. ಯೂರೋಪಿನ ಕಾಡುನಾಶ ತಡೆ ಕಾನೂನಿನ ಬಗ್ಗೆ ಬೆಳೆಗಾರರಿಗೆ ಹಂಚುವ ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಯನ್ನು ಈ ಕಾನೂನು ಅನ್ವಯವಾದ ಮೇಲೆ ಅಲ್ಲಿ ಮಾರುವಂತಿಲ್ಲ. ತೋಟ 4 ಹೆಕ್ಟೇರಿಗಿಂತ ದೊಡ್ಡದಾದರೆ ಸುತ್ತಲಿನ ಗಡಿಯನ್ನೇ ನಕ್ಷೆಯಲ್ಲಿ ಕೊಡಬೇಕು, ಚಿಕ್ಕದಕ್ಕೆ ಒಂದು ಬಿಂದು ಸಾಕು. ಇಷ್ಟು ಸಲೀಸಾಗಿ ಬಂತು. ಆಮೇಲಿನ ತಲೆಬರಹದಲ್ಲಿ ಸಿಕ್ಕಿಕೊಂಡೆ: ಪರಿಸರ ಕಾಯುವ ಇಂಥ ಏರ್ಪಾಡಿಗೆ ಸಪ್ಲೈಯರ್‌ಗಳು ಸೇರಲು ಮೋಟಿವೇಶನ್ ಏನು ಎಂಬುದು. ‘ಪೂರೈಕೆದಾರರ ಪ್ರೇರಣೆ’ ಎಂದು ಬರೆದೆ. ಓದಿದ ಬೆಳೆಗಾರರೊಬ್ಬರು “ಪೂರೈಕೆದಾರ ಅಂದ್ರೆ ಗೊಬ್ಬರದ ಅಂಗಡಿಯವ್ರಾ?” ಅಂದರು. ಸಂಜೆ ಪ್ರೆಸ್ಸಿಗೆ ಕೊಡಬೇಕು.

ಉತ್ತರ 1:
‘ಪೂರೈಕೆದಾರ’ ಬೇಡವೇ ಬೇಡ. ಪೂರೈಸು ಸಂಸ್ಕೃತದ ‘ಪೂರ’ದಿಂದ ಬಂದದ್ದು, ‘ದಾರ’ ಪಾರಸಿಯದು. ಕನ್ನಡದ್ದು ಅದರಲ್ಲಿ ಏನುಳಿಯಿತು? ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಅರಿಸಮಾಸವನ್ನು ವ್ಯಾಕರಣಕಾರ ಕೇಶಿರಾಜ ಸುಮ್ಮನೆ ಬೇಡವೆನ್ನಲಿಲ್ಲ. ‘ಒದಗಿಸುಗ’ ಎನ್ನಿ. ಪ್ರೇರಣೆಗೆ ‘ಒತ್ತಾಸೆ’.

ಉತ್ತರ 2:
‘ದಾರ’ ಪ್ರತ್ಯಯ. ಸಮಾಸದ ಮಾತು ಇಲ್ಲಿ ಯಾಕೆ? ಪಾಲುದಾರ, ಗುತ್ತಿಗೆದಾರ ಬಿಟ್ಟು ಒಂದು ದಿನ ವ್ಯವಹಾರ ಮಾಡಿ ನೋಡಿ. ‘ಬೆಳೆಗಾರ’ದ ‘ಗಾರ’ ಸಂಸ್ಕೃತದ ‘ಕಾರ’. ಅದನ್ನೂ ಕಿತ್ತು ಹಾಕುತ್ತೀರಾ? ಒತ್ತಾಸೆ ಎಂದರೆ ಬೆಂಬಲ. ಪಕ್ಕದಲ್ಲಿ ನಿಂತವರು ಕೊಡುವುದು. ಸೇರುವವನ ಮನಸ್ಸಿನಲ್ಲಿರುವುದಕ್ಕೆ ಆ ಪದ ಒಗ್ಗದು.

ಉತ್ತರ 1:
ಬಳಕೆಯಲ್ಲಿದೆ ಎಂದಮಾತ್ರಕ್ಕೆ ಕನ್ನಡವಾಗದು. ಎಲ್ಲದಕ್ಕೂ ಸಾಲ ತಂದೇ ನಮ್ಮ ಧಾತುಗಳು ಒಣಗಿವೆ.

ಉತ್ತರ 3, ಸಕಲೇಶಪುರದಿಂದ:
ನಾನು ಬೆಳೆಗಾರ. ಪ್ರೇರಣಾರ್ಥಕ ಕ್ರಿಯೆ ನೆನಪಿಸಿಕೊಳ್ಳಿ: ಮಾಡು, ಮಾಡಿಸು. ಇನ್ನೊಬ್ಬರು ನಿಂತು ಮಾಡಿಸುವುದೇ ಪ್ರೇರಣೆ. ನಮ್ಮ ತೋಟ ಪ್ರಮಾಣಪತ್ರದ ಗುಂಪಿಗೆ ಸೇರಿದ್ದು ಹಾಗೇ, ಕೊಳ್ಳುವವರು ಕಾಗದ ಕೇಳಿದ್ದರಿಂದ. ನಮ್ಮ ದೇಶದ ಕಾಫಿಗೆ ಇಟಲಿಯೇ ದೊಡ್ಡ ಗಿರಾಕಿ. ಆ ಬಾಗಿಲು ಮುಚ್ಚಿದರೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಚೀಲ ಹೊತ್ತು ಎಲ್ಲಿಗೆ ಹೋಗುವುದು? ಹೆಚ್ಚುವರಿ ಬೆಲೆ ಆಮೇಲಿನ ಮಾತು. ಸಿಕ್ಕಿದ್ದು ಲೆಕ್ಕ ಬರೆಯುವವನ ಕೂಲಿಗೆ ಸರಿಹೋಯಿತು. ಆದರೆ ಪಲ್ಪಿಂಗ್ ನೀರನ್ನು, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿದ ಕೊಳೆ ನೀರನ್ನು, ಹಳ್ಳಕ್ಕೆ ಬಿಡದೆ ಗುಂಡಿಯಲ್ಲಿ ನಿಲ್ಲಿಸಿದ್ದು ಯಾರೂ ಹೇಳಿ ಅಲ್ಲ. ಕೆಳಗಿನ ಊರಿನವರು ಆ ನೀರನ್ನೇ ದನಕ್ಕೆ ಕುಡಿಸುತ್ತಾರೆ. ಇದನ್ನೂ ಅದನ್ನೂ ‘ಪ್ರೇರಣೆ’ ಎಂಬ ಒಂದೇ ಚೀಲಕ್ಕೆ ತುಂಬಬೇಡಿ. ಒಂದು ಒತ್ತಡ, ಇನ್ನೊಂದು ಕಾಳಜಿ.

ಉತ್ತರ 2:
ಸರಿ. ‘ಕುಮ್ಮಕ್ಕು’ ಮಾತ್ರ ಯಾರೂ ಸೂಚಿಸಬೇಡಿ. ಮೂಲದಲ್ಲಿ ನೆರವು ಎಂದಿದ್ದರೂ ಈಗ ಅದು ಕೆಟ್ಟ ಕೆಲಸಕ್ಕೇ ಮೀಸಲು.

ಪ್ರಶ್ನೆ ಕೇಳಿದವರು:
ತಲೆಬರಹ ‘ಬೆಳೆಗಾರರು ಯಾಕೆ ಸೇರುತ್ತಾರೆ?’ ಎಂದು ಬದಲಿಸಿದೆ. ಅದರ ಕೆಳಗೆ ಎರಡು ಭಾಗ: ‘ಕೊಳ್ಳುವವರ ಒತ್ತಡ’, ‘ನಮ್ಮದೇ ಕಾಳಜಿ’. ಕ್ಯೂರಿಂಗ್ ವರ್ಕ್ಸ್‌ನವರೂ (ಒಣಗಿದ ಕಾಫಿಯ ಹೊಟ್ಟು ತೆಗೆದು ವಿಂಗಡಿಸುವವರು) ಊರಿನ ಕಾಫಿ ವ್ಯಾಪಾರಿಗಳೂ ಸಪ್ಲೈಯರ್‌ಗಳೇ ಆದ್ದರಿಂದ ಅವರನ್ನು ಹೆಸರು ಹಿಡಿದೇ ಬರೆದಿದ್ದೇನೆ. ‘ಒದಗಿಸುಗ’ ಹಾಕಲಿಲ್ಲ, ಕ್ಷಮಿಸಿ. ‘ಸಪ್ಲೈ ಚೈನ್’ಗೆ ‘ಪೂರೈಕೆ ಸರಪಳಿ’ ಎಂದೇ ಬಿಟ್ಟಿದ್ದೇನೆ, ತಕರಾರಿದ್ದರೆ ನಾಲ್ಕು ಗಂಟೆಯೊಳಗೆ ತಿಳಿಸಿ.