ಸಹಾಯ ಬೇಕು: ಚಾರ್‌ಮಿನಾರ್ ರೂಪಾಯಿ ಅಸಲಿ ಅದನೋ, ಎರಕದ್ದೋ?

ಕಲಬುರಗಿಯ ನಾಣ್ಯ ಸಂಗ್ರಾಹಕರಿಗೆ ನಮಸ್ಕಾರ್ರಿ. ಹೈದರಾಬಾದ್ ನಿಜಾಮ ಉಸ್ಮಾನ್ ಅಲಿ ಖಾನರ ಕಾಲದ ಹಿಜರಿ 1330ರ (ಕ್ರಿ.ಶ. 1911–12) ಬೆಳ್ಳಿ ರೂಪಾಯಿ ಆನ್‌ಲೈನ್ ಹರಾಜಿಗೆ ಬಂದದ. ಚಾರ್‌ಮಿನಾರ್ ಬಾಗಿಲೊಳಗ ಉಸ್ಮಾನ್ ಹೆಸರಿನ ಮೊದಲ ಅರಬ್ಬಿ ಅಕ್ಷರ ‘ಐನ್’ ಕಾಣ್ತದ, ಖರೆ. ಆದ್ರ ಅಕ್ಷರಗಳ ಅಂಚು ಸಾಬೂನು ಸವೆದಂಗ ದುಂಡಗದ, ಖಾಲಿ ಜಾಗದಾಗ ಸೂಜಿ ಚುಚ್ಚಿದಂಥ ಗುಳಿ ಅವ. ಠಸ್ಸೆ (ಅಚ್ಚು) ಹೊಡೆದ ನಾಣ್ಯಕ್ಕ ಸಾಮಾನ್ಯವಾಗಿ ಹಿಂಗ ಇರಲ್ಲ; ಎರಕ ಹೊಯ್ದಾಗ ಗಾಳಿಗುಳ್ಳೆ ಸಿಕ್ಕು ಇಂಥ ಗುಳಿ ಬೀಳ್ತಾವ.

ಅಸಲಿ ತೂಕ ಸುಮಾರು 11.18 ಗ್ರಾಂ, ಬೆಳ್ಳಿ 81.8%. ಹರಾಜಿನಾಗ ಇದಕ್ಕ 10.6 ಗ್ರಾಂ ಅಂತ ಬರೆದಾರ. ಸವಕಳಿ ಅಂದ್ರೂ ಜಾಸ್ತಿನೇ ಆಯ್ತು.

ಅಸಲಿ 1330 ಇದ್ದವರು ಎರಡೂ ಬದಿ, ಅಂಚಿನ ಫೋಟೋ ಹಾಕ್ರಿ. ತಕ್ಕಡಿ ಮ್ಯಾಲ ನೀರಿನ ಲೋಟ ಇಟ್ಟು, ನಾಣ್ಯ ದಾರದಾಗ ಕಟ್ಟಿ ತಳ ಮುಟ್ಟದಂಗ ನೀರಾಗ ಮುಳುಗಿಸಿದ್ರ ತಕ್ಕಡಿ ಸುಮಾರು 1.1 ಗ್ರಾಂ ಏರಬೇಕು. ನಿಮ್ಮದು ಎಷ್ಟು ತೋರಿಸ್ತದ? ಕಮಿಷನ್, ಜಿಎಸ್‌ಟಿ ಸೇರಿ ಎಲ್ಲೀತನಕ ಕೂಗಬಹುದು, ಅದನ್ನೂ ಹೇಳ್ರಿ.