ಸಹಾಯ ಬೇಕು: ಗಸ್ತು ರೈಫಲ್‌ಗೆ ಯಾವ ಸೈಟ್, ಯಾವ ಲೈಟ್?

ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ನಲ್ಲಿ ಪೊಲೀಸ್ ಕೆಲಸದಲ್ಲಿದ್ದೇನೆ. ಗಸ್ತು ಕಾರಿನಲ್ಲಿ ಸ್ವಂತ ಎಆರ್-15 ಇಟ್ಟುಕೊಳ್ಳಲು ಇಲಾಖೆ ಒಪ್ಪಿದೆ. 16 ಇಂಚಿನ ಬ್ಯಾರೆಲ್. ಇಲ್ಲಿ ಪೊಲೀಸ್ ಅಥವಾ ಸೇನೆಯಲ್ಲಿರುವ ಕನ್ನಡದವರಿದ್ದರೆ ಸ್ವಲ್ಪ ಹೇಳಿ.

ಸ್ಲಿಂಗ್ (ರೈಫಲ್ ಹೆಗಲಿಗೆ ಹಾಕಿಕೊಳ್ಳುವ ಪಟ್ಟಿ) ಬಗ್ಗೆ ಗೊಂದಲವಿಲ್ಲ, ಎರಡು ಕಡೆ ಸಿಕ್ಕಿಸುವಂಥದ್ದೇ ಸಾಕು. ತಲೆನೋವು ಸೈಟ್‌ದು, ಅಂದರೆ ಗುರಿ ಹಿಡಿಯುವ ಸಾಧನದ್ದು. ಏಮ್‌ಪಾಯಿಂಟ್ ಪ್ರೋ (ಗಾಜಿನಲ್ಲಿ ಕೆಂಪು ಚುಕ್ಕಿ ತೋರಿಸುವ ಸೈಟ್) ಸದಾ ಆನ್ ಇಟ್ಟರೂ ಒಂದು ಬ್ಯಾಟರಿ 30,000 ಗಂಟೆ ಬರುತ್ತದೆ ಅಂತ ಕಂಪನಿಯೇ ಹೇಳುತ್ತದೆ. ಗಡಿಬಿಡಿಯಲ್ಲಿ ಸ್ವಿಚ್ ಹುಡುಕುವ ಕೆಲಸವಿಲ್ಲ. ಆದರೆ ನನಗೆ ಆಸ್ಟಿಗ್ಮ್ಯಾಟಿಸಂ ಅನ್ನುವ ಕಣ್ಣಿನ ದೋಷ ಇದೆ. ಕೆಂಪು ಚುಕ್ಕಿ ದುಂಡಗೆ ಕಾಣುವುದಿಲ್ಲ, ಬಾಲ ಬಂದ ಹಾಗೆ ಒಂದು ಕಡೆ ಎಳೆದುಕೊಳ್ಳುತ್ತದೆ. ಇದಕ್ಕೆ ಇಯೋಟೆಕ್ ಕಂಪನಿಯ ಹಾಲೋಗ್ರಾಫಿಕ್ ಸೈಟ್ (ಲೇಸರ್ ಹಾಲೋಗ್ರಾಂನಿಂದ ಗುರಿಯ ಗುರುತು ತೋರಿಸುವಂಥದ್ದು) ವಾಸಿನಾ? ಅದರ ಬ್ಯಾಟರಿ ಬೇಗ ಮುಗಿಯುತ್ತದೆ, ಅದೇ ಯೋಚನೆ.

ಲೈಟ್ ಬೇಕೇ ಬೇಕು. ಕತ್ತಲಲ್ಲಿ ಎದುರಿನವನ ಕೈಯಲ್ಲಿರುವುದು ಫೋನಾ, ಪಿಸ್ತೂಲಾ ಗೊತ್ತಾಗಬೇಕಲ್ವಾ? ಸ್ಟ್ರೀಮ್‌ಲೈಟ್ ಸಾಕಾ, ಶ್ಯೂರ್‌ಫೈರ್‌ಗೇ ದುಡ್ಡು ಹಾಕಬೇಕಾ?

ಜೀರೋ (ಚುಕ್ಕಿ ಇಟ್ಟಲ್ಲೇ ಗುಂಡು ಬೀಳುವಂತೆ ಸೈಟ್ ಹೊಂದಿಸುವುದು) 50 ಗಜಕ್ಕೆ ಮಾಡುತ್ತೀರಾ, 100ಕ್ಕಾ? ಸೈಟ್ ಬ್ಯಾರೆಲ್‌ಗಿಂತ ಸುಮಾರು ಎರಡೂವರೆ ಇಂಚು ಮೇಲಿರುವುದರಿಂದ ತೀರಾ ಹತ್ತಿರದಲ್ಲಿ ಗುಂಡು ಚುಕ್ಕಿಗಿಂತ ಕೆಳಗೆ ಬೀಳುತ್ತದೆ. ಅದನ್ನು ಹೇಗೆ ರೂಢಿ ಮಾಡಿಕೊಂಡಿರಿ?

ಸುಮ್ನೆ ಶೋಕಿಗೆ ಹಾಕುವ ಲೇಸರ್, ಗ್ರಿಪ್ ಬೇಡ. ತೂಕ ಜಾಸ್ತಿ.