ಡಿಮೆನ್ಷಿಯಾ ಇರುವವರಿಗೆ ಸೊಂಟದ ಮುರಿತ: ಆಪರೇಷನ್ ಮಾಡಿಸಬೇಕಾ?

ಪ್ರಶ್ನೆ:
ವಯಸ್ಸು 84, ಮಧ್ಯಮ ಹಂತದ ಡಿಮೆನ್ಷಿಯಾ, ನೆನಪಿಗೆಂದು ಡೊನೆಪೆಜಿಲ್ ಮಾತ್ರೆ ನಡೀತಿದೆ. ಬೀಳೋವರೆಗೂ ವಾಕರ್ ಹಿಡಿದು ಮನೆಯೊಳಗೆ ಓಡಾಡ್ತಿದ್ದರು. ತೊಡೆಮೂಳೆಯ ಕತ್ತು ಮುರಿದು ಜರುಗಿದೆ. ಹೆಮಿ, ಅಂದರೆ ಚೆಂಡು ಮಾತ್ರ ಬದಲಿಸೋಣ ಅಂತಾರೆ. ಮತ್ತೆ ನಡೀತಾರಾ? ಮಾಡಿಸದಿದ್ದರೆ?

ಮೂಳೆ ತಜ್ಞರು:
ಓಡಾಡುತ್ತಿದ್ದವರು ತಾನೆ, ಮಾಡಿಸಿ. ನಡಿಗೆಗಿಂತ ಮೊದಲು ಇದು ನೋವಿಗೆ ಮದ್ದು. ಜರುಗಿದ ಕತ್ತು ತಾನಾಗಿ ಕೂಡುವುದು ಅಪರೂಪ; ಡೈಪರ್ ಬದಲಿಸಲು ಮಗ್ಗುಲು ತಿರುಗಿಸಿದಾಗಲೆಲ್ಲ ನರಳುತ್ತಾರೆ, ಹಿಂದೆಯೇ ಬೆಡ್‌ಸೋರ್, ನ್ಯುಮೋನಿಯಾ. 24ರಿಂದ 48 ಗಂಟೆಯೊಳಗೆ ಆಗಲಿ. ಹೆಮಿಯೇ ಸರಿ: ಪೂರ್ತಿ ಕೀಲು ಬದಲಿಸಿದರೆ ಕೀಲು ತಪ್ಪಿ ಜಾರುವ ಭಯ ಹೆಚ್ಚು, ‘ಕಾಲು ಮಡಚಬೇಡಿ’ ಅಂದದ್ದು ಇವರಿಗೆ ನೆನಪಿರದು. ಹಿಂಬದಿಯಿಂದ ತೆರೆಯುವುದಕ್ಕಿಂತ ಪಕ್ಕದಿಂದ ತೆರೆದರೆ ಜಾರುವುದು ಕಡಿಮೆ. ಸಿಮೆಂಟ್ ಹಾಕಿಸಿ, ಸುತ್ತಲ ಮೂಳೆ ಬಿರಿಯುವುದು ಕಡಿಮೆಯಾಗುತ್ತದೆ. ಮರುದಿನದಿಂದಲೇ ಆ ಕಾಲಿನ ಮೇಲೆ ಪೂರ್ತಿ ಭಾರ ಹಾಕಲಿ. ‘ಅರ್ಧ ಭಾರ ಹಾಕಿ’ ಎಂಬ ಸಲಹೆ ಇಲ್ಲಿ ನಡೆಯುವುದಿಲ್ಲ.

ಮೊದಲಿನಂತೆ ನಡೆಯುತ್ತಾರೆಂಬ ಭರವಸೆ ಕೊಡಲಾರೆ. ಬಹಳ ಮಂದಿಯ ಓಡಾಟ ಮೊದಲಿಗಿಂತ ಒಂದು ಹಂತ ಕೆಳಗಿಳಿಯುತ್ತದೆ. ಸೊಂಟ ಮುರಿದ ವೃದ್ಧರಲ್ಲಿ ವರ್ಷದೊಳಗೆ ಸುಮಾರು 20ರಿಂದ 30% ಜನ ತೀರಿಕೊಳ್ಳುತ್ತಾರೆ. ಡಿಮೆನ್ಷಿಯಾ ಇದ್ದರೆ ಇನ್ನೂ ಹೆಚ್ಚು.

ಅರಿವಳಿಕೆ ತಜ್ಞರು:
ಆಪರೇಷನ್‌ವರೆಗೆ ಕಾಯದೆ ಈಗಲೇ ತೊಡೆಸಂದಿಯಲ್ಲಿ ನರ್ವ್ ಬ್ಲಾಕ್ (ನರವನ್ನು ಮರಗಟ್ಟಿಸುವ ಇಂಜೆಕ್ಷನ್) ಕೇಳಿ. ಜೊತೆಗೆ ಪ್ಯಾರಾಸಿಟಮಾಲ್ 1 ಗ್ರಾಂ 6 ಗಂಟೆಗೊಮ್ಮೆ, ಕೇಳಲಿ ಬಿಡಲಿ. ತೂಕ 50 ಕೆಜಿಗಿಂತ ಕಡಿಮೆಯಿದ್ದರೆ ಡೋಸ್ ಇಳಿಸಬೇಕು. ನೋವನ್ನು ಇವರು ಬಾಯಿಬಿಟ್ಟು ಹೇಳಲಾರರು. ಹುಬ್ಬು ಗಂಟಿಕ್ಕುವುದು, ಮುಟ್ಟಿದರೆ ಕೈ ತಳ್ಳುವುದು, ಊಟ ಬಿಡುವುದು, ಇವನ್ನು ನೋಡಿ. ಬೆನ್ನಿಗೆ ಇಂಜೆಕ್ಷನ್ನೋ ಪೂರ್ತಿ ಅರಿವಳಿಕೆಯೋ ಎಂಬ ಚಿಂತೆ ಬಿಡಿ, ಡೆಲಿರಿಯಂ (ದಿಢೀರನೆ ಬರುವ ಮಂಕು, ಗೊಂದಲ) ವಿಷಯದಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ. ಡೊನೆಪೆಜಿಲ್ ವಿಷಯ ತಪ್ಪದೆ ಹೇಳಿ: ಅರಿವಳಿಕೆಯಲ್ಲಿ ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಕೊಟ್ಟರೆ ಅದರ ಪರಿಣಾಮ ಉದ್ದವಾಗುತ್ತದೆ. ಹಾಗಂತ ಡೊನೆಪೆಜಿಲ್ ನೀವಾಗಿ ನಿಲ್ಲಿಸಬೇಡಿ.

ವೃದ್ಧರ ವಾರ್ಡ್ ನರ್ಸ್:
ಕೂಗಾಡುವ ಡೆಲಿರಿಯಂ ಎಲ್ಲರಿಗೂ ಕಾಣುತ್ತದೆ. ಸುಮ್ಮನೆ ತೂಕಡಿಸುತ್ತಾ ಮಲಗುವವರನ್ನು ‘ಪಾಪ, ಸುಸ್ತು’ ಅಂತ ಬಿಡುತ್ತಾರೆ, ಅಪಾಯ ಅಲ್ಲೇ. ಕನ್ನಡಕ, ಶ್ರವಣಯಂತ್ರ ಮರೆಯದೆ ಹಾಕಿ. ಕ್ಯಾತಿಟರ್ (ಮೂತ್ರದ ನಳಿಕೆ) ಆದಷ್ಟು ಬೇಗ ತೆಗೆಸಿ. ಮಲಬದ್ಧತೆ ನೋಡಿಕೊಳ್ಳಿ, ಅದೊಂದೇ ಸಾಕು ತಲೆ ಕೆಡಿಸಲು. ನಿದ್ದೆಗೆಂದು ಡಯಜೆಪಾಮ್, ಲೊರಾಜೆಪಾಮ್ ಬೇಡ. ಡಿಮೆನ್ಷಿಯಾದಲ್ಲೇ ಲೂವಿ ಬಾಡಿ ಎಂಬ ಬಗೆ ಆಗಿದ್ದರೆ ಕೂಗಾಟ ತಗ್ಗಿಸಲು ಕೊಡುವ ಹ್ಯಾಲೋಪೆರಿಡಾಲ್ ಕೂಡದು. ನೆಟ್ಟಗೆ ಕೂರಿಸಿಯೇ ತಿನ್ನಿಸಿ. ಎಬ್ಬಿಸುವಾಗ ಒಮ್ಮೆಗೆ ಒಂದೇ ಮಾತು: ‘ಹಿಡೀರಿ’. ಹಿಡಿದ ಮೇಲೆ ‘ಏಳಿ’.

ಪ್ರಶ್ನೆ ಕೇಳಿದವರು:
ಬೇಡ ಅನ್ನೋದು ಯಾವಾಗ ಸರಿ?

ಮೂಳೆ ತಜ್ಞರು:
ಮೊದಲೇ ಹಾಸಿಗೆ ಹಿಡಿದು, ಕೊನೆಯ ದಿನಗಳಲ್ಲಿರುವವರಿಗೆ. ಆಗ ಬ್ಲಾಕ್, ಮಾರ್ಫಿನ್ ಕೊಟ್ಟು ನೆಮ್ಮದಿ ನೋಡಬೇಕು. ಹೆಚ್ಚಿನವರು ಕೆಲವೇ ವಾರಗಳಲ್ಲಿ ಹೋಗುತ್ತಾರೆ ಎಂಬುದನ್ನು ಮನೆಯವರಿಗೆ ಮೊದಲೇ ಹೇಳಬೇಕು. ನಿಮ್ಮದು ಆ ಸ್ಥಿತಿಯಲ್ಲ. ಆಪರೇಷನ್ ಆಗಿ ಎರಡು ವಾರ ಕಳೆದ ಮೇಲೆ ಕಿಡ್ನಿ, ವಿಟಮಿನ್ ಡಿ ನೋಡಿಸಿ, ಮೂಳೆ ಸವೆತ ತಡೆಯುವ ಜೋಲೆಡ್ರೊನಿಕ್ ಆ್ಯಸಿಡ್ 5 ಮಿಗ್ರಾಂ, ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ, ಕೇಳಿ. ಇನ್ನೊಂದು ಬದಿಯ ಸೊಂಟ ಮುರಿಯದಂತೆ ನೋಡಿಕೊಳ್ಳಬೇಕಲ್ಲ.